ಬಾಗಿಲಾಚೆಯ ಬೆಂಚು

ಗುಂಡ್ಲುಪೇಟೆ
9 ಜೂನ್ 2003

ಡಾಕ್ಟರ್ ಸಿದ್ದಮಲ್ಲಪ್ಪನವರಿಗೆ ಆಯಿಷಾಳ ಸಲಾಮು.

ನೀವು ಮೂವತ್ತು ವರ್ಷ ಕೂತ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಕ್ಲಿನಿಕ್ಕಿನ ಬೀಗದ ಕೈ ನನ್ನ ಕೈಗಿಟ್ಟು ನೀವು ಚಾಮರಾಜನಗರದ ಬಸ್ಸು ಹತ್ತಿ ವಾರವಾಯಿತು. ಮಂಡಿನೋವೆಂದು ಪ್ರಾಕ್ಟೀಸು ಬಿಟ್ಟವರು ಅಷ್ಟು ಚುರುಕಾಗಿ ಬಸ್ಸು ಹತ್ತುವುದನ್ನು ನಾನೆಲ್ಲೂ ನೋಡಿಲ್ಲ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿಮ್ಮ ಮಗಳು ಶಶಿರೇಖಾ ಅಕ್ಕ ಎತ್ತಿ, "ಏನಿದ್ರೂ ಕಾಗದ ಬರೀಬೇಕಂತೆ ನೀನು" ಎಂದರು. ಆಗಲಿ, ಬರೆಯುತ್ತೇನೆ.

ಮೊದಲ ಸಂತೆ ದಿನಕ್ಕೇ ನನಗೆ ಸಾಕುಸಾಕಾಯಿತು. ನಿಮ್ಮ ಕಾಲದಲ್ಲಿ ಬರುತ್ತಿದ್ದ ಹಾಗೆ ಎಲ್ಲರೂ ಒಟ್ಟಿಗೆ ಒಳಗೆ ಬಂದು ಮೇಜಿನ ಸುತ್ತ ನಿಂತರು. ಒಬ್ಬನ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಇನ್ನೊಬ್ಬ ನನ್ನ ಕುತ್ತಿಗೆಯ ಮೇಲೆ ಕೆಮ್ಮುತ್ತಾನೆ. ಒಬ್ಬಾಕೆಯನ್ನು ಮುಟ್ಟಿನ ಬಗ್ಗೆ ಕೇಳಿದರೆ ಈರುಳ್ಳಿ ಮಂಡಿಯ ಮರಿಮಲ್ಲಪ್ಪ ಪಕ್ಕದಲ್ಲಿ ನಿಂತುಕೊಂಡು ಅವಳ ಉತ್ತರಕ್ಕೆ ಕಾಯುತ್ತಾನೆ. ಮಧ್ಯಾಹ್ನ ಕಳೆದರೂ ಊಟವಿಲ್ಲ, ಯಾರನ್ನೂ ಸರಿಯಾಗಿ ನೋಡಿದ ತೃಪ್ತಿಯೂ ಇಲ್ಲ.

ಆದ್ದರಿಂದ ನಿಮ್ಮ ಕೋಣೆಗೆ ಒಂದು ಬಾಗಿಲು ಮಾಡಿಸುತ್ತಿದ್ದೇನೆ. ಬೆಂಚು ಹೊರಗಿನ ಹಜಾರಕ್ಕೆ ಹೋಗುತ್ತದೆ. ಬಂದವರಿಗೆಲ್ಲ ಟೋಕನ್. ಲಾರಿಗಳಿಗೆ ಟಾರ್ಪಾಲು ಹೊಲಿದು ಉಳಿದ ತುಂಡುಗಳನ್ನು ನನ್ನ ಅಬ್ಬ ಅಂಗೈ ಅಗಲಕ್ಕೆ ಕತ್ತರಿಸಿ, ಬಣ್ಣದಲ್ಲಿ ನಂಬರ್ ಬರೆದುಕೊಟ್ಟರು. "ಮಳೇಲಿ ನೆಂದ್ರೂ ಅಳಿಯಲ್ಲ ಕಣಮ್ಮಿ" ಎಂದು ಅವರಿಗೆ ಹೆಮ್ಮೆ. ನಿಮ್ಮ ಕಾಂಪೌಂಡರ್ ಮಾದಣ್ಣನಿಗೆ ಮಾತ್ರ ಸಿಟ್ಟು. "ಇದೇನು ಡಾಕ್ಟ್ರಮ್ಮ, ಸೀಮೆಣ್ಣೆ ಕೊಡ್ತಿದೀವಾ ನಂಬರ್ ಕೊಟ್ಟು ಕೂರ್ಸಕೆ?" ಎಂದು ಕೇಳಿದ.

ನಾನು ನಿಮ್ಮ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಆದರೂ ಚೆನ್ನಾಗಿದೆ ಎಂದು ನೀವು ಬರೆದರೆ ಸಂತೋಷವಾಗುತ್ತದೆ.

ಆಯಿಷಾ


ಚಾಮರಾಜನಗರ
16 ಜೂನ್ 2003

ಆಯಿಷಾ,

ಹೊಸದಾಗಿ ಬಂದ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಒಗೆ, ಬೇಡವೆನ್ನುವುದಿಲ್ಲ. ನಾನೂ ಉಡಿಗಾಲದಿಂದ ಗುಂಡ್ಲುಪೇಟೆಗೆ ಬಂದ ಹೊಸದರಲ್ಲಿ, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂದು ಬೋರ್ಡು ಹಾಕಿದ್ದೆ. ಮೂರನೆಯ ದಿನ ನನ್ನ ಚಪ್ಪಲಿಯೇ ಹೋಯಿತು.

ಫೋನಿನಲ್ಲಿ ಬರೀ ಕೊರಕೊರ. ಕಾಗದವೇ ಮೇಲು, ಇದರಲ್ಲಿ ನೀನು ನಡುವೆ ಬಾಯಿ ಹಾಕಲಾರೆ.

ಟೋಕನ್ ಒಳ್ಳೆಯದು. ಬಾಗಿಲು ನನಗೆ ಅಷ್ಟು ಹಿಡಿಸಲಿಲ್ಲ. ಯಾಕೆ ಎಂದು ಕೇಳಿದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ, ಮುದುಕನ ಹಟವೆಂದುಕೋ. ಒಂದು ಮಾತು ಮಾತ್ರ ಕೇಳು. ಇಂಜೆಕ್ಷನ್ನೇ ಬೇಕೆಂದು ಬರುವವರಿಗೆ ಚುಚ್ಚಿ ಕಳಿಸಲು ಒಂದು ನಿಮಿಷ ಸಾಕು, ಬೇಡವೆಂದು ಒಪ್ಪಿಸಲು ಹತ್ತು ನಿಮಿಷ ಬೇಕು. ಬೇಗ ಮುಗಿಸುವ ಅವಸರದಲ್ಲಿ ಆ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡ. ಒಂದು ವರ್ಷ ಕಷ್ಟಪಟ್ಟರೆ ಆಮೇಲೆ ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ನಿನ್ನ ತಾಯಿ ರಹಮತ್ ಬಿಗೆ ಉಪ್ಪು ಕಡಿಮೆ ತಿನ್ನಲು ಹೇಳು. ನಾನು ಹೇಳಿದರೆ ಕೇಳುತ್ತಿರಲಿಲ್ಲ, ಮಗಳು ಹೇಳಿದರೂ ಕೇಳಲಾರಳು. ಆದರೂ ಹೇಳು.

ಸಿದ್ದಮಲ್ಲಪ್ಪ


ಗುಂಡ್ಲುಪೇಟೆ
4 ಆಗಸ್ಟ್ 2003

ಡಾಕ್ಟರಿಗೆ,

ಕ್ಲಿನಿಕ್ಕು ಈಗ ಹೇಗೆ ನಡೆಯುತ್ತಿದೆ ಎಂದು ಬಂದು ನೋಡಬೇಕು ನೀವು. ಜನ ಬಂದು, ಟೋಕನ್ ಇಸಕೊಂಡು, ಬೆಂಚಿನ ಮೇಲೆ ಕೂರುತ್ತಾರೆ. ಮಾದಣ್ಣ ನಂಬರ್ ಕೂಗುತ್ತಾನೆ. ಮೊದಮೊದಲು ಗೊಣಗುತ್ತಿದ್ದವನು ಈಗ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಗತ್ತಿನಲ್ಲಿ ಕೂಗುತ್ತಾನೆ. ಸಕ್ಕರೆ ಕಾಯಿಲೆ, ಬಿಪಿಯವರಿಗೆಂದೇ ಮಂಗಳವಾರ ಇಟ್ಟಿದ್ದೇನೆ. ಅವತ್ತು ಬರದವರಿಗೆ ಅವರ ಪಕ್ಕದ ಮನೆಯವರ ಕೈಲಿ ಹೇಳಿ ಕಳಿಸುತ್ತೇನೆ. ಕೇರಳಕ್ಕೆ ತರಕಾರಿ ಹೊಡೆಯುವ ಲಾರಿ ಡ್ರೈವರುಗಳಿಗೆ ಬೆಳಿಗ್ಗೆ ಬೇಗ ಒಂದು ಗಂಟೆ ಹೊತ್ತು ಮೀಸಲು. ಸಂತೆ ದಿನವೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ.

ಬಾಗಿಲಿನ ಮಾತು ಹೇಳಲೇಬೇಕು. ವರ್ಷಗಟ್ಟಲೆ ನಿಮ್ಮ ಹತ್ತಿರ ತಲೆನೋವೆಂದು ಮಾತ್ರೆ ನುಂಗಿದ ಒಬ್ಬಾಕೆ, ಬಾಗಿಲು ಹಾಕಿಕೊಂಡ ಮೇಲೆ, ತನಗೆ ಗರ್ಭಕೋಶ ಜಾರಿದೆ ಎಂದು ಹೇಳಿ ಅತ್ತುಬಿಟ್ಟಳು. ತಲೆನೋವೇ ಇರಲಿಲ್ಲವಂತೆ. "ಅಷ್ಟ್ ಜನದ ಮುಂದೆ ಇನ್ನೇನ್ ಏಳನವ್ವ?" ಎಂದಳು. ಅವಳ ಹೆಸರು ನಿಮಗೂ ಹೇಳುವುದಿಲ್ಲ, ಬಾಗಿಲು ಮಾಡಿಸಿದ್ದೇ ಅದಕ್ಕೆ. ಅವಳ ಹಾಗೆಯೇ ಇನ್ನೂ ಎಷ್ಟೋ ಹೆಂಗಸರು ಬಾಯಿ ಬಿಡುತ್ತಿದ್ದಾರೆ.

ಒಂದು ಸಂತೆ ದಿನ ಬಂದು ಹೋಗಿ. ನಿಮ್ಮ ಬಾಯಿಂದ ಒಂದು ಮಾತು ಕೇಳುವ ಆಸೆ ನನಗೆ.

ಆಯಿಷಾ


ಚಾಮರಾಜನಗರ
13 ಆಗಸ್ಟ್ 2003

ಆಯಿಷಾ,

ಆ ಹೆಣ್ಣುಮಗಳ ವಿಷಯ ಓದಿ ನಾಚಿಕೆಯಾಯಿತು. ಬಾಗಿಲು ಇರಲಿ. ನನ್ನ ಹಟವನ್ನು ವಾಪಸು ತೆಗೆದುಕೊಂಡಿದ್ದೇನೆ.

ಬರಲು ಆಗುವುದಿಲ್ಲ, ಮಂಡಿ. ಬಸ್ಸಿನ ಮೆಟ್ಟಿಲು ಎತ್ತರ.

ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕುರ್ಚಿಯಿಂದ ಬೆಂಚು ಕಾಣಿಸುತ್ತದೆಯೇ? ನನಗೆ ಎಲ್ಲರಿಗಿಂತ ಹಿಂದೆ ನಿಂತವರ ಮುಖವೂ ಕಾಣುತ್ತಿತ್ತು. ಬಾಯಲ್ಲಿ ಒಂದು ಹೇಳುವವರ ಮುಖ ಇನ್ನೊಂದು ಹೇಳುತ್ತಿರುತ್ತದೆ. ಅಷ್ಟೇ, ಸುಮ್ಮನೆ ಕೇಳಿದೆ.

ಸಿದ್ದಮಲ್ಲಪ್ಪ


ಗುಂಡ್ಲುಪೇಟೆ
26 ಸೆಪ್ಟೆಂಬರ್ 2003

ಡಾಕ್ಟರಿಗೆ,

ನಿಮ್ಮ ಹಿಂದಿನ ಕಾಗದ ಓದಿ ನಕ್ಕಿದ್ದೆ. ಹಳೆಯ ಕುರ್ಚಿಯ ಮೇಲಿನ ಮೋಹ ಇನ್ನೂ ಬಿಟ್ಟಿಲ್ಲವೆಂದು ಅಮ್ಮಿಯ ಹತ್ತಿರ ಹೇಳಿದ್ದೆ. ಈಗ ನಗು ಬರುತ್ತಿಲ್ಲ.

ಈರುಳ್ಳಿ ಮಂಡಿಯಲ್ಲಿ ಈರುಳ್ಳಿ ಆರಿಸುವ ಮಲ್ಲಾಜಮ್ಮ ನಿಮಗೆ ಗೊತ್ತು. ಮೊನ್ನೆ ಸಂತೆ ದಿನ ಬೆಳಿಗ್ಗೆಯೇ ಬಂದು ಟೋಕನ್ ತೆಗೆದುಕೊಂಡಳು. ಮೊದಲ ಐದಾರು ಜನರಲ್ಲಿ ಅವಳೂ ಒಬ್ಬಳು. ಸ್ವಲ್ಪ ಹೊತ್ತಿಗೆ ಅಳುವ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಳು. ಮಲ್ಲಾಜಮ್ಮ ತನ್ನ ಟೋಕನ್ ಅವಳಿಗೆ ಕೊಟ್ಟು ಅವಳದನ್ನು ಇಸಕೊಂಡಳು. ಆಮೇಲೆ ಯಾರಿಗೋ ಬಂಡೀಪುರದ ಕಡೆಯ ಬಸ್ಸು ತಪ್ಪುತ್ತದೆಂದು ಅದನ್ನೂ ಬದಲಿಸಿಕೊಂಡಳು. ಬೆಂಚಿನ ತುಂಬ ಹೀಗೆಯೇ ನಡೆಯುತ್ತಿತ್ತಂತೆ, ಮೊದಲಿನಿಂದಲೂ. ನಾನು ಒಳಗೆ ಕೂತು ನನ್ನ ನಂಬರುಗಳು ಎಷ್ಟು ಸಲೀಸಾಗಿ ಓಡುತ್ತಿವೆ ಎಂದು ಹಿಗ್ಗುತ್ತಿದ್ದೆ.

ಅವಳ ಸರದಿ ಬರುವ ಹೊತ್ತಿಗೆ ಮೈಯೆಲ್ಲ ಬೆವೆತು ಬೆಂಚಿನಿಂದ ಜಾರಿದ್ದಳು. ಹೃದಯಾಘಾತ. ಆಸ್ಪಿರಿನ್ ಅಗಿಸಿ, ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ನನ್ನ ತಮ್ಮ ವಸೀಂನ ಕಾರಿನಲ್ಲಿ ನಾನೇ ಜೊತೆಗೆ ಕೂತು ಮೈಸೂರಿಗೆ ಕರೆದುಕೊಂಡು ಹೋದೆ. ಬದುಕಿದ್ದಾಳೆ. ಪ್ರಜ್ಞೆ ಸರಿಯಾಗಿ ಬಂದ ಮೇಲೆ ನನ್ನನ್ನೇ ಸಮಾಧಾನ ಮಾಡಿದಳು. "ಆ ಕೂಸು ಅಳ್ತಿತ್ತು ಕಣವ್ವ. ನಂದೇನು, ಬರೀ ಎದೆ ಉರಿ ಅನ್ಕಂಡಿ. ನಿಂಗ್ಯಾಕೆ ತೊಂದ್ರೆ ಕೊಡದು ಅಂತ ಕುಂತ್ಕಂಡಿ."

ನನಗೆ ಆ ಬಾಗಿಲು ನೋಡಲೂ ಆಗುತ್ತಿಲ್ಲ. ಒಳಗೆ ಒಬ್ಬರನ್ನು ನೋಡುತ್ತಿದ್ದರೆ ಹೊರಗೆ ಯಾರು ಜಾರಿ ಬೀಳುತ್ತಿದ್ದಾರೋ ಎಂಬ ಭಯ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯವರು ಬಾ ಎಂದು ಕರೆದಿದ್ದಾರೆ, ನವೆಂಬರ್ ಮುಗಿಯುವುದರೊಳಗೆ ಉತ್ತರ ಕೊಡಬೇಕು. ಹೋಗಿಬಿಡಲೇ ಅನ್ನಿಸುತ್ತಿದೆ. ಅಕ್ಟೋಬರ್ ಐದರ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಇದನ್ನು ನಿಮ್ಮೆದುರು ಕೂತೇ ಮಾತನಾಡಬೇಕು.

ಆಯಿಷಾ


ಚಾಮರಾಜನಗರ
8 ಅಕ್ಟೋಬರ್ 2003

ಆಯಿಷಾ,

ಭಾನುವಾರ ಬರುತ್ತೀಯೆಂದು ಶಶಿರೇಖಾ ಹೋಳಿಗೆ ಮಾಡಿದ್ದಳು. ಮಧ್ಯಾಹ್ನದವರೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆ. ನೀನು ಬರಲಿಲ್ಲ. ಹುಷಾರಿದ್ದೀಯಾ?

ಮಲ್ಲಾಜಮ್ಮ ಬದುಕಿದ್ದು ನಿನ್ನಿಂದ. ನಾನು ಆ ಕುರ್ಚಿಯಲ್ಲಿದ್ದಾಗ ಇಂಥದ್ದರಲ್ಲಿ ಬದುಕದೆ ಹೋದವರಿದ್ದಾರೆ. ನಮ್ಮ ಕಡೆಯವರು ಯಮ ಬಂದರೂ "ನೀವ್ ಕುಂತ್ಕಳಿ, ಅವರ್ನ ಮೊದ್ಲು ಕಳ್ಸನ" ಎನ್ನುವ ಜನ. ಅದಕ್ಕೆ ನೀನೇನು ಮಾಡುತ್ತೀಯ?

ಮೈಸೂರಿನ ವಿಷಯ ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು.

ಸಿದ್ದಮಲ್ಲಪ್ಪ


ಚಾಮರಾಜನಗರ
27 ಅಕ್ಟೋಬರ್ 2003

ಆಯಿಷಾ,

ದೀಪಾವಳಿ ಕಳೆಯಿತು, ನಿಮ್ಮ ರಂಜಾನ್ ಶುರುವಾಗಿರಬೇಕು. ನಿನ್ನಿಂದ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ಈಗ ನನ್ನನ್ನು ಕಂಡರೆ ಸೈಕಲ್ಲು ಆಚೆ ಬದಿಗೆ ತಿರುಗಿಸುತ್ತಾನೆ. ರೋಜಾ ಉಪವಾಸ ಇಟ್ಟುಕೊಂಡು ಬಿಸಿಲಲ್ಲಿ ಓಡಾಡಬೇಡ. ಎರಡು ಸಾಲು ಬರೆ.

ಸಿದ್ದಮಲ್ಲಪ್ಪ


ಗುಂಡ್ಲುಪೇಟೆ
3 ನವೆಂಬರ್ 2003

ಡಾಕ್ಟರ್ ಸಿದ್ದಮಲ್ಲಪ್ಪನವರಿಗೆ,

ನಾನು ಬಂದಿದ್ದೆ.

ಮೊದಲ ಬಸ್ಸಿಗೇ ಬಂದೆ. ನೀವು ಅಂಗಳದಲ್ಲಿ ನನಗೆ ಬೆನ್ನು ಹಾಕಿಕೊಂಡು ದಾಸವಾಳಕ್ಕೆ ನೀರು ಹಾಕುತ್ತಿದ್ದಿರಿ. ಗೇಟಿನ ಹತ್ತಿರ ನಿಂತು "ಡಾಕ್ಟ್ರೇ" ಎಂದು ಕರೆದೆ. ಮತ್ತೆ ಕರೆದೆ. ಮೂರನೆಯ ಸಲ ಕೂಗಿಯೇ ಕರೆದೆ, ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ನೀವು ತಂಬಿಗೆ ಕೆಳಗಿಟ್ಟು, ಹಿಂತಿರುಗಿ ನೋಡದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ವಾಪಸು ಬರುವ ಬಸ್ಸಿನಲ್ಲಿ ತೆರಕಣಾಂಬಿಯವರೆಗೂ ಅಳುತ್ತಲೇ ಬಂದೆ.

ನಿಮಗೆ ಸಿಟ್ಟು ಬಂದಿದ್ದರೆ ಬೈಯಬಹುದಿತ್ತು. ನಾನು ನಿಮ್ಮ ಬೆಂಚು ಎತ್ತಿ ಹೊರಗಿಟ್ಟೆ, ನೀವು ಕೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಮಲ್ಲಾಜಮ್ಮ ಸಾಯುತ್ತಿದ್ದಳು. ಬೈಗುಳ ತಿನ್ನಲೆಂದೇ ಬಂದಿದ್ದೆ. ಅದು ಬಿಟ್ಟು, ಗೇಟಿನ ಹತ್ತಿರ ಕಾದಿದ್ದೆ, ಹೋಳಿಗೆ ಮಾಡಿಸಿದ್ದೆ ಎಂದು ಬರೆಯುತ್ತೀರಲ್ಲ. ಅದು ನನಗೆ ತಡೆಯಲಾಗಲಿಲ್ಲ.

ಈ ತಿಂಗಳ ಕೊನೆಗೆ ಮೈಸೂರಿಗೆ ಹೋಗುತ್ತೇನೆ. ಕ್ಲಿನಿಕ್ಕಿನ ಬೀಗದ ಕೈ ಯಾರ ಹತ್ತಿರ ಕೊಡಲಿ, ತಿಳಿಸಿ.

ಆಯಿಷಾ


ಚಾಮರಾಜನಗರ
6 ನವೆಂಬರ್ 2003

ಆಯಿಷಾ,

ನೀನು ಕರೆದದ್ದು ನನಗೆ ಕೇಳಿಸಲಿಲ್ಲ. ಇಷ್ಟೇ ನಡೆದದ್ದು. ನನಗೆ ಕಿವಿ ಕೇಳಿಸುವುದಿಲ್ಲ.

ಮಂಡಿ ನೆಪ. ಮಂಡಿ ಕಲ್ಲುಗುಂಡಿನ ಹಾಗಿದೆ. ಎರಡು ವರ್ಷದ ಹಿಂದೆ ಒಬ್ಬ ತಾಯಿ ಕೂಸನ್ನು ತಂದು, ಎದೆ ಸುಯ್ಯುತ್ತಿದೆ ಎಂದಳು. ಸ್ಟೆತಾಸ್ಕೋಪ್ ಇಟ್ಟೆ. ಏನೂ ಕೇಳಿಸಲಿಲ್ಲ. ತಲೆಯೆತ್ತಿದರೆ ದೂರದಲ್ಲಿ ನಿಂತ ಮಾದಣ್ಣನ ಮುಖ ಕೂಸಿನ ಸದ್ದಿಗೆ ಮುದುಡಿಕೊಂಡಿತ್ತು. ಮೂಗಿನ ಹೊಳ್ಳೆ ಅರಳುವುದನ್ನೂ ಪಕ್ಕೆ ಒಳಸೇರುವುದನ್ನೂ ನೋಡಿ ಔಷಧಿ ಕೊಟ್ಟೆ. ಆವತ್ತಿನಿಂದ ಕಣ್ಣಿನಲ್ಲೇ ಪ್ರಾಕ್ಟೀಸು. ಅನುಮಾನ ಬಂದವರನ್ನೆಲ್ಲ ಮೈಸೂರಿಗೆ ಬರೆದುಕೊಡುತ್ತಿದ್ದೆ. ಯಾರಿಗೂ ಕೇಡಾಗಲಿಲ್ಲ, ಆದರೆ ಮುಂದೆಯೂ ಆಗುವುದಿಲ್ಲವೆಂಬ ಧೈರ್ಯ ನನಗಿರಲಿಲ್ಲ. ನೀನು ಓದು ಮುಗಿಸಿ ಊರಿಗೆ ಬರುತ್ತೀಯೆಂದು ನಿನ್ನ ಅಬ್ಬ ಪೀರ್ ಪಾಷಾ ಹೇಳಿದ ದಿನವೇ ಬಿಡುವುದೆಂದು ತೀರ್ಮಾನಿಸಿದೆ.

ಯಾರಿಗೂ ತೋರಿಸಿಲ್ಲ. ಏನು ಹೇಳುತ್ತಾರೆಂದು ಗೊತ್ತು. ಊರಿನವರ ಕಿವಿಗೆಲ್ಲ ಬೆಳಕು ಬಿಟ್ಟು ನೋಡಿದವನಿಗೆ ತನ್ನ ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡು ಓಡಾಡಲು ಮನಸ್ಸಿಲ್ಲ.

ಗೇಟಿನ ಹತ್ತಿರ ನೀನು ನಿಂತು ಕರೆದದ್ದನ್ನು ಓದಿ ಎರಡು ದಿನದಿಂದ ಊಟ ಸೇರುತ್ತಿಲ್ಲ. ಶಶಿರೇಖಾ ಆಗ ಹಿತ್ತಲಿನಲ್ಲಿದ್ದಳಂತೆ, ಅವಳಿಗೂ ಕೇಳಿಸಿಲ್ಲ. ಸಿಟ್ಟಿರಲಿಲ್ಲ ಮಗು. ನನಗೆ ನಿನ್ನ ಮೇಲೆ ಹೆಮ್ಮೆ. ಅದನ್ನು ಜೂನ್ ತಿಂಗಳಲ್ಲೇ ಬರೆಯಬೇಕಾಗಿತ್ತು.

ಮೈಸೂರಿಗೆ ಹೋಗಬೇಕೆನ್ನಿಸಿದರೆ ಹೋಗು. ನನಗೋಸ್ಕರ ಉಳಿಯಬೇಡ. ಮಲ್ಲಾಜಮ್ಮನಿಗೆ ಹೆದರಿ ಮಾತ್ರ ಹೋಗಬೇಡ.

ಸಿದ್ದಮಲ್ಲಪ್ಪ


ಗುಂಡ್ಲುಪೇಟೆ
11 ನವೆಂಬರ್ 2003

ನನ್ನ ಡಾಕ್ಟರಿಗೆ,

ಕರೆದರೆ ತಿರುಗದ ಮನುಷ್ಯನನ್ನು ಕಂಡು ಸಿಟ್ಟೆಂದು ತಿಳಿದೆ, ಕಿವಿಯೆಂದು ಹೊಳೆಯಲಿಲ್ಲ. ಇಂಥ ಡಾಕ್ಟರಿಗೆ ಮೈಸೂರಿನಲ್ಲಿ ಕೆಲಸ ಕೊಡುತ್ತಾರಂತೆ. ನಿಮ್ಮ ಕಾಗದವನ್ನು ಅಬ್ಬನಿಗೆ ಓದಿ ಹೇಳಿದೆ. ಅವರು ಟಾರ್ಪಾಲಿನ ಸೂಜಿ ಕೆಳಗಿಟ್ಟರು. "ನಮ್ಮನೇವ್ರು ಅನ್ಕಂಡಿದ್ದೊ. ಒಂದ್ ಮಾತ್ ಏಳ್ಬಾರ್ದಾಗಿತ್ತಾ?" ಎಂದರು. ನನಗೂ ಅದೇ ನೋವು.

ಈಗ ನನ್ನ ಮಾತು ಕೇಳಿ. ಬಾಗಿಲನ್ನು ಕಿತ್ತು ಹಾಕಿಸಬೇಕೆಂದು ಬಡಗಿಯನ್ನು ಕರೆಸಿದ್ದೆ. ಅವತ್ತೇ ಒಬ್ಬ ಹುಡುಗಿ ಬಂದು, ಬಾಗಿಲು ಹಾಕಿ ಚಿಲಕ ಸರಿಯಾಗಿ ಬಿತ್ತೇ ಎಂದು ಎರಡು ಸಲ ನೋಡಿಕೊಂಡು, ಆಮೇಲೆ ಬಾಯಿ ಬಿಟ್ಟಳು. ಬಡಗಿಯನ್ನು ವಾಪಸು ಕಳಿಸಿದೆ. ಬಾಗಿಲು ತೆಗೆದರೆ ಹೆಂಗಸರ ಬಾಯಿ ಮುಚ್ಚುತ್ತದೆ, ಹಾಕಿದರೆ ನನ್ನ ಕಣ್ಣು ಮುಚ್ಚುತ್ತದೆ. ಮಾದಣ್ಣನಿಗೆ ಬೆಂಚು ನೋಡಿಕೋ ಎಂದು ಹೇಳಿದೆ. ಯಾರು ಜೋರಾಗಿ ನರಳುತ್ತಾರೋ ಅವರನ್ನು ಒಳಗೆ ತಳ್ಳುತ್ತಾನೆ. ನರಳದವರನ್ನು ಗುರುತಿಸಲು ಅವನಿಗೆ ಬರುವುದಿಲ್ಲ.

ನಿಮಗೆ ಬರುತ್ತದೆ. ಎರಡು ವರ್ಷ ಕಣ್ಣಿನಲ್ಲೇ ಪ್ರಾಕ್ಟೀಸು ಮಾಡಿದವರು ನೀವು. ಸಂತೆ ದಿನ ಬನ್ನಿ. ಔಷಧಿ ಬರೆಯುವುದು ಬೇಡ, ಎದೆ ಪರೀಕ್ಷೆ ಬೇಡ. ಬೆಂಚಿನ ಒಂದು ತುದಿಯಲ್ಲಿ ಕೂತು, ಯಾರು ಮೊದಲು ಬರಬೇಕೆಂದು ಚೀಟಿಯಲ್ಲಿ ಬರೆದು ಒಳಗೆ ಕಳಿಸಿ. ಟೋಕನ್ನು ಉಳಿದವರಿಗೆ.

ಮೈಸೂರಿನವರಿಗೆ ಇನ್ನೂ ಉತ್ತರ ಬರೆದಿಲ್ಲ. ನೀವು ಬರುತ್ತೇನೆಂದರೆ ಬರುವುದಿಲ್ಲವೆಂದು ಬರೆಯುತ್ತೇನೆ. ಇದು ಬ್ಲ್ಯಾಕ್‌ಮೇಲ್ ಎಂದು ನನಗೂ ಗೊತ್ತು.

ಆಯಿಷಾ


ಚಾಮರಾಜನಗರ
20 ನವೆಂಬರ್ 2003

ಆಯಿಷಾ,

ನಿನ್ನ ಕಾಗದ ಬಂದು ವಾರವಾಯಿತು. ಬೇಡವೆಂದು ಮೂರು ಸಲ ಬರೆದು ಹರಿದೆ. ಜನ ಹೊಟ್ಟೆನೋವು ಹೇಳಿದರೆ ನಾನು ಮಳೆಯ ವಿಷಯ ಮಾತಾಡುತ್ತೇನೆ, ನಗುತ್ತಾರೆ ಎಂದು ಬರೆದಿದ್ದೆ. ಶಶಿರೇಖಾ ಅದನ್ನು ಓದಿ, "ನಗಲಿ ಬುಡಪ್ಪ. ಇಲ್ಲಿ ದಾಸವಾಳದ ಗಿಡ ನಗುತ್ತಾ?" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಟೀಚರಮ್ಮನ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಮೊದಲ ಬಸ್ಸಿಗೆ ಬರುತ್ತೇನೆ. ನಿಮ್ಮ ಹಬ್ಬ ಮುಗಿಯಲಿ. ಮೈಸೂರಿನವರಿಗೆ ಮರ್ಯಾದೆಯಿಂದ ಬರೆ, ನಾಳೆ ಅವರ ಹತ್ತಿರವೇ ರೋಗಿಗಳನ್ನು ಕಳಿಸಬೇಕು.

ಸಿದ್ದಮಲ್ಲಪ್ಪ


ಗುಂಡ್ಲುಪೇಟೆ, ಬೆಂಚಿನಿಂದ
ಜನವರಿ 2004, ಸಂತೆ ದಿನ

ಆಯಿಷಾ, ಹಸಿರು ಟವೆಲ್ಲಿನ ಮಾರಯ್ಯ ಆಗಲೇ ಇಬ್ಬರಿಗೆ ಟೋಕನ್ ಬಿಟ್ಟುಕೊಟ್ಟಾಯಿತು. ಉಸಿರಿಗೆ ಭುಜ ಏಳುತ್ತಿದೆ. ಮೊದಲು ಅವನು.

ಒಳಗಿನಿಂದ
ನ್ಯುಮೋನಿಯ. ವಸೀಂನ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆ, ಸಮಯಕ್ಕೆ ಸಿಕ್ಕಿದ. ಮುಂದೆ? ಒಂದು ಮಗು ತುಂಬ ಅಳುತ್ತಿದೆಯಲ್ಲ.

ಬೆಂಚಿನಿಂದ
ಅಳುವ ಮಗು ಗಟ್ಟಿಯಾಗಿದೆ, ಕಾಯಲಿ. ಅದರ ಪಕ್ಕದಲ್ಲಿ ಅಳದೆ ಮಲಗಿರುವ ಮಗುವನ್ನು ಕಳಿಸುತ್ತಿದ್ದೇನೆ.

ಒಳಗಿನಿಂದ
ಸರಿ. ವಾಂತಿ ಭೇದಿ, ನೀರೆಲ್ಲ ಹೋಗಿದೆ. ಡ್ರಿಪ್ ಹಾಕಿದ್ದೇನೆ, ಕಣ್ಣು ಬಿಡುತ್ತಿದೆ. ಹೊರಗೆ ಏನು ಗಲಾಟೆ?

ಬೆಂಚಿನಿಂದ
ಮಲ್ಲಾಜಮ್ಮ. ಬಣ್ಣ ಚೆನ್ನಾಗಿದೆ, ನಡಿಗೆಯೂ ಚೆನ್ನಾಗಿದೆ, ಅದಕ್ಕೇ ಹಿಂದಕ್ಕೆ ಹಾಕಿದೆ. "ಮೊದ್ಲೇ ಬಂದಿವ್ನಿ, ನಾನ್ಯಾಕೆ ಇಂದಕ್ಕೋಗ್ಲಿ?" ಎಂದು ಜಗಳ ತೆಗೆದಿದ್ದಾಳೆಂದು ಮಾದಣ್ಣ ಬರೆದು ತೋರಿಸಿದ. ಒಳ್ಳೆಯ ಲಕ್ಷಣ.

ಒಳಗಿನಿಂದ
ಮಲ್ಲಾಜಮ್ಮನನ್ನೂ ನೋಡಿ ಮುಗಿಸಿದೆ. ಬೆಂಚಿನ ತುದಿಯಲ್ಲಿ ಒಬ್ಬ ಹಿರಿಯರು ಬೆಳಿಗ್ಗೆಯಿಂದ ಕೂತಿದ್ದಾರೆ, ಬಂದವರನ್ನೆಲ್ಲ ಮುಂದೆ ಬಿಡುತ್ತಿದ್ದಾರೆ. ಕಿವಿಯ ತೊಂದರೆ, ಇದುವರೆಗೆ ಯಾರಿಗೂ ತೋರಿಸಿಲ್ಲ. ಅವರನ್ನು ಕಳಿಸಿ. ಮೈಸೂರಿನ ಕಿವಿ ಡಾಕ್ಟರಿಗೆ ಕಾಗದ ಕೊಡಬೇಕು. ಜೊತೆಗೆ ನಾನೂ ಹೋಗುತ್ತೇನೆ.

ಬೆಂಚಿನಿಂದ
ಅವರಿಗೇನೂ ಅವಸರವಿಲ್ಲ.

ಒಳಗಿನಿಂದ
ಮಲ್ಲಾಜಮ್ಮನೂ ಹಾಗೇ ಅಂದಿದ್ದಳು.

ಬೆಂಚಿನಿಂದ
ಎದ್ದಿದ್ದಾರೆ. ಬಾಗಿಲು ತೆಗೆ.